ಸ್ಟೀರಿಂಗ್ ನಡುಗಿದರೆ ಮೊದಲು ಚಕ್ರ ಬಿಚ್ಚಿ: ಹಳೆ ಜೀಪು, ಕಾರು, ಲಾರಿಗಳಿಗೆ ಸರಿಯಾದ ಡಿಸ್ಕ್ ಮತ್ತು ಟಯರ್ ಹುಡುಕುವ ಬಗೆ

ಅಜ್ಜನ ಜೀಪು ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಯ ಸಪಾಟು ರಸ್ತೆಗೆ ಬಂದ ಕೂಡಲೇ ನಡುಗುತ್ತಿತ್ತು. ಗಂಟೆಗೆ 40 ಕಿ.ಮೀ. ದಾಟಿದರೆ ಸಾಕು, ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. 20ಕ್ಕೆ ಇಳಿಸಿದ ಮೇಲೆಯೇ ಸುಮ್ಮನಾಗುತ್ತಿತ್ತು. ಗ್ಯಾರೇಜಿನವರು ಇದಕ್ಕೆ ವಾಬ್ಲಿಂಗ್ ಎನ್ನುತ್ತಾರೆ. ಶಿರಸಿಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ಅಲೈನ್‌ಮೆಂಟ್ ಮಾಡಿಸಿದೆ. ಚಕ್ರ ತಿರುಗಿಸುವ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್, ನಾಲ್ಕನ್ನೂ ಬದಲಾಯಿಸಿದೆ. ಮುಂದಿನ ಚಕ್ರ ಎಡ ಬಲ ತಿರುಗುವ ಕೀಲಾದ ಕಿಂಗ್ ಪಿನ್ನಿನ ಬೇರಿಂಗ್ ಹೊಸದು ಹಾಕಿಸಿದೆ. ನಡುಕ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಕೊನೆಗೆ ಕುಮಟಾದ ಒಂದು ಪಂಕ್ಚರ್ ಅಂಗಡಿಯ ಹಿರಿಯರು ಜೀಪಿನ ಸುತ್ತ ಒಂದು ಸುತ್ತು ಬಂದರು. ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಹೆಗಡೇರೆ, ಈ ಟಯರ್ ಯಾರು ಹಾಕಿದ್ದು?"

"ಗಾಡಿ ನನ್ನ ಕೈಗೆ ಬಂದಾಗಲೇ ಇತ್ತು ಸಾಬ್ರೇ. ಹೊಸದೇ ಅಲ್ವಾ? 6.00-16 ಅಂತ ಬರೆದೂ ಇದೆ."

"ಅಳತೆ ಸರಿ ಇದೆ. ಪಕ್ಕದಲ್ಲಿ ಮತ್ತೇನು ಬರೆದಿದೆ, ಅದನ್ನೂ ಓದಿ."

ಮಣ್ಣು ಒರೆಸಿ ಓದಿದೆ. ಎಫ್-2 ಎಂದಿತ್ತು. ಇನ್ನೊಂದು ಕಡೆ ಎ6 ಎಂದಿತ್ತು. ಎಫ್-2 ಎಂದರೆ ಟ್ರ್ಯಾಕ್ಟರಿನ ಮುಂದಿನ ಚಕ್ರದ ಟಯರ್. ಎ6 ಎಂದರೆ ಗಂಟೆಗೆ 30 ಕಿ.ಮೀ. ವೇಗಕ್ಕೆ ಮಾತ್ರ ಮಾಡಿದ್ದು. ಎ8 ಇದ್ದರೆ 40. ನಾನು ಅದರ ಮೇಲೆ ಘಟ್ಟ ಇಳಿದು, ಹೆದ್ದಾರಿ 66ರಲ್ಲಿ 60ಕ್ಕೆ ಓಡಿಸಲು ನೋಡುತ್ತಿದ್ದೆ.

ಆ ದಿನದಿಂದ ನಾನು ಹಳೆ ಗಾಡಿಯ ಯಾವ ದೋಷ ಬಂದರೂ ಮೊದಲು ಚಕ್ರ ಬಿಚ್ಚುತ್ತೇನೆ. ಟಯರ್ ಕೊಳ್ಳುವ ಮೊದಲು ಡಿಸ್ಕ್, ಅಂದರೆ ಟಯರ್ ಕೂರುವ ಕಬ್ಬಿಣದ ಚಕ್ರ, ಅಳೆಯುತ್ತೇನೆ. ಡಿಸ್ಕಿಗಿಂತ ಮೊದಲು ಹಬ್ (ಆಕ್ಸಲ್ ತುದಿಯಲ್ಲಿ ಡಿಸ್ಕ್ ಕೂರುವ ಭಾಗ) ಮೇಲಿನ ಸ್ಟಡ್, ಅಂದರೆ ಚಕ್ರದ ನಟ್ಟು ಬಿಗಿಯುವ ಬೋಲ್ಟ್, ನೋಡುತ್ತೇನೆ. ಒಳಗಿನಿಂದ ಹೊರಗೆ ಬರಬೇಕು. ನಮ್ಮಲ್ಲಿ ಹೆಚ್ಚಿನವರು ಹೊರಗಿನಿಂದ ಶುರು ಮಾಡುತ್ತಾರೆ, ಅಂಗಡಿಗೆ ಹೋಗಿ ಹಳೆ ಟಯರ್ ತೋರಿಸಿ ಇಂಥದ್ದೇ ಕೊಡಿ ಎನ್ನುತ್ತಾರೆ. ಆ ಹಳೆ ಟಯರೇ ತಪ್ಪಾಗಿದ್ದರೆ?

ಗಾಡಿಯಲ್ಲಿ ಈಗ ಇರುವುದು ಸಾಕ್ಷಿಯಲ್ಲ

ಐವತ್ತು ವರ್ಷದ ಗಾಡಿ ಎಂದರೆ ಐದಾರು ಮಾಲೀಕರು, ಹತ್ತಾರು ಗ್ಯಾರೇಜು. ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸಿದವರೇ ಜಾಸ್ತಿ. ಅಡಿಕೆ ಸೀಸನ್ನಿನಲ್ಲಿ ಗಾಡಿ ನಿಂತರೆ ನಡೆಯುವುದಿಲ್ಲ, ಅವರನ್ನು ತಪ್ಪು ಎನ್ನಲಾಗದು. ಹಾಗಾಗಿ ಮೂಲ ಅಳತೆಯನ್ನು ಬೇರೆ ಕಡೆಯಿಂದ ಪಕ್ಕಾ ಮಾಡಿಕೊಳ್ಳಬೇಕು.

ಲಾರಿ, ಟೆಂಪೊದಂಥ ಬಾಡಿಗೆ ಗಾಡಿಯಾದರೆ ಮೊದಲು ಹಳೆ ಆರ್‌ಸಿ ಪುಸ್ತಕ ತೆಗೆಯಿರಿ. ಅದರಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎಂದು ಬೇರೆ ಬೇರೆ ಸಾಲಿನಲ್ಲಿ ಟಯರಿನ ಸಂಖ್ಯೆ, ಅಳತೆ, ಪ್ಲೈ (ಒಳಗಿನ ನೂಲಿನ ಪದರ) ಬರೆಯುವ ಜಾಗ ಇರುತ್ತದೆ. ಎಷ್ಟೋ ಜನ ಆ ಪುಟ ತಿರುವಿಯೇ ಇರುವುದಿಲ್ಲ. ಸ್ವಂತ ಬಳಕೆಯ ಕಾರು, ಜೀಪಿನ ಆರ್‌ಸಿಯಲ್ಲಿ ಈ ವಿವರ ಸಿಗುವುದು ಕಷ್ಟ. ಅದಕ್ಕೆ ಕಂಪನಿಯ ಕೈಪಿಡಿ ಅಥವಾ ಬಿಡಿಭಾಗಗಳ ಪುಸ್ತಕ ಬೇಕು.

ಎರಡನೆಯ ಸಾಕ್ಷಿ ಸ್ಟೆಪ್ನಿ. ರಸ್ತೆಯ ನಾಲ್ಕು ಚಕ್ರ ಬದಲಾಗಿರುತ್ತವೆ, ಸ್ಟೆಪ್ನಿ ಡಿಸ್ಕ್ ಮಾತ್ರ ಡಿಕ್ಕಿಯಲ್ಲಿ ಹಾಗೆಯೇ ಬಿದ್ದಿರುತ್ತದೆ. ಟಯರ್ ಕೊಳೆತಿದ್ದರೂ ಡಿಸ್ಕ್ ಮೂಲದ್ದೇ ಆಗಿರುವ ಸಾಧ್ಯತೆ ಹೆಚ್ಚು. ನಮ್ಮ ಜೀಪಿನ ಮೂಲ ಡಿಸ್ಕ್ ಹೇಗಿತ್ತು ಎಂದು ನನಗೆ ಗೊತ್ತಾಗಿದ್ದೂ ಕೊಟ್ಟಿಗೆಯ ಅಟ್ಟದಲ್ಲಿ ಅಡಿಕೆ ಚೀಲದ ಕೆಳಗೆ ಸಿಕ್ಕ ಸ್ಟೆಪ್ನಿಯಿಂದ.

ಇನ್ನೊಂದು ಮಾತು ನೆನಪಿರಲಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ 1928ರಿಂದಲೇ ಗಾಡಿ ಜೋಡಿಸುತ್ತಿತ್ತು. ಮಹೀಂದ್ರ 1947ರಿಂದ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ್ದೂ ಮುಂಬಯಿಯಲ್ಲೇ. ಹಾಗಾಗಿ ಕರಾವಳಿಯ ಹಳೆ ಮನೆಗಳ ಗಾಡಿಯ ಕಾಗದ, ಬಿಲ್ಲು, ಕೈಪಿಡಿ ಹುಡುಕುವಾಗ ಬೆಂಗಳೂರಿನ ಕಡೆ ಮಾತ್ರ ಮುಖ ಮಾಡಬೇಡಿ.

ನಮ್ಮ ಕಡೆ ಹೆಚ್ಚಾಗಿ ಕಾಣುವ ಗಾಡಿಗಳ ಮೂಲ ಅಳತೆ ಹೀಗಿದೆ. ವಿಲ್ಲಿಸ್ ಮಾದರಿಯ ಸಿಜೆ-3ಬಿ ಜೀಪಿಗೆ 6.00-16. ಅಂಬಾಸಿಡರ್‌ಗೆ 5.90-15. ಪ್ರೀಮಿಯರ್ ಪದ್ಮಿನಿಗೆ 5.20-14. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 5.20-13. ಫೋರ್ಡ್ ಮಾಡೆಲ್ ಎ ಇದ್ದರೆ ವರ್ಷ ನೋಡಲೇಬೇಕು. 1928-29ರದ್ದು 4.50-21, 1930-31ರದ್ದು 4.75-19. ಕಾರು ಒಂದೇ ಹೆಸರಿನದು, ಚಕ್ರ ಎರಡು ಇಂಚು ಬೇರೆ.

ಈ ಅಂಕಿಯಲ್ಲಿ ಮೊದಲನೆಯದು ಟಯರಿನ ಅಗಲ, ಎರಡನೆಯದು ಡಿಸ್ಕಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವೆ ಅಡ್ಡಗೆರೆ ಇದ್ದರೆ ಅದು ಅಡ್ಡ ನೂಲಿನ ಹಳೆ ಬಗೆಯ ಟಯರ್, ನಮ್ಮ ಅಂಗಡಿಗಳಲ್ಲಿ ನೈಲಾನ್ ಎನ್ನುತ್ತಾರೆ. ಗೆರೆಯ ಜಾಗದಲ್ಲಿ ಆರ್ ಇದ್ದರೆ ರೇಡಿಯಲ್. ಹಳೆ ಟಯರುಗಳಲ್ಲಿ ಪಕ್ಕದ ಎತ್ತರ ಅಗಲಕ್ಕೆ ಹತ್ತಿರ ಹತ್ತಿರ ಸಮ ಇರುತ್ತದೆ. ಈಗಿನ ಟಯರು 70, 75 ಎಂದು, ಅಂದರೆ ಎತ್ತರ ಅಗಲದ ನೂರಕ್ಕೆ ಅಷ್ಟೇ ಪಾಲು ಇದ್ದು, ಕುಳ್ಳಗಾಗಿವೆ. ಹಾಗಾಗಿ ಡಿಸ್ಕಿನ ಇಂಚು ಒಂದೇ ಆಗಿದ್ದರೂ ಗಾಡಿ ನಿಲ್ಲುವ ಎತ್ತರ ಬೇರೆಯಾಗುತ್ತದೆ.

ಡಿಸ್ಕ್ ಅಳೆಯುವುದು

ಇಲ್ಲಿ ಅವಸರ ಮಾಡಬೇಡಿ. ಟೇಪು, ಒಂದು ನೇರ ಪಟ್ಟಿ, ದಪ್ಪ ಅಳೆಯುವ ವರ್ನಿಯರ್ ಇದ್ದರೆ ಸಾಕು.

ಮೊದಲು ಬೋಲ್ಟಿನ ವೃತ್ತ. ಅಂದರೆ ಎಲ್ಲ ಸ್ಟಡ್‌ಗಳ ನಡುಬಿಂದು ಹಾದು ಹೋಗುವ ವೃತ್ತದ ವ್ಯಾಸ. ಗ್ಯಾರೇಜಿನಲ್ಲಿ ಪಿಸಿಡಿ ಎನ್ನುತ್ತಾರೆ. ನಾಲ್ಕು ಸ್ಟಡ್ ಇದ್ದರೆ ಎದುರು ಬದುರಿನ ಎರಡರ ನಡುವೆ ಅಳೆದರೆ ಮುಗಿಯಿತು. ಐದು ಇದ್ದರೆ ಎದುರಿಗೆ ಯಾವುದೂ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿನ ಅಂತರ ತೆಗೆದುಕೊಂಡು 1.701ರಿಂದ ಗುಣಿಸಿ. ಜೀಪಿನಲ್ಲಿ ಈ ಅಂತರ ಸುಮಾರು 82 ಮಿ.ಮೀ. ಬರುತ್ತದೆ. ಗುಣಿಸಿದರೆ 139.7, ಅಂದರೆ ಐದೂವರೆ ಇಂಚು. ಹೆರಾಲ್ಡ್‌ಗೆ ನಾಲ್ಕು ಸ್ಟಡ್, 95.25 ಮಿ.ಮೀ., ಅಂದರೆ ಮೂರೂ ಮುಕ್ಕಾಲು ಇಂಚು. ಹಳೆ ಗಾಡಿಗಳಲ್ಲಿ ಉತ್ತರ ಇಂಚಿನ ಸುಲಭ ಭಾಗಕ್ಕೆ ಸರಿಯಾಗಿ ಬಂದರೆ ನಿಮ್ಮ ಅಳತೆ ಸರಿ ಇದೆ ಎಂದು ಧೈರ್ಯ ತಂದುಕೊಳ್ಳಬಹುದು.

ನಂತರ ಡಿಸ್ಕಿನ ವ್ಯಾಸ ಮತ್ತು ಅಗಲ. ಇದನ್ನು ಟಯರಿನ ಅಂಚು ಕೂರುವ ಜಾಗದಲ್ಲಿ ಅಳೆಯಬೇಕು, ಹೊರಗಿನ ತುಟಿಯಲ್ಲಿ ಅಲ್ಲ. 16 ಇಂಚಿನ ಡಿಸ್ಕನ್ನು ಹೊರಗಿನಿಂದ ಅಳೆದರೆ 17ರ ಹತ್ತಿರ ಬರುತ್ತದೆ. ಆ ಅಂಕಿ ಹಿಡಿದು ಫೋನಿನಲ್ಲಿ ಆರ್ಡರ್ ಕೊಟ್ಟು ಟಯರ್ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಅಗಲವನ್ನೂ ಎರಡು ಅಂಚುಗಳ ಒಳಮೈಯಿಂದ ಒಳಮೈಗೆ ತೆಗೆದುಕೊಳ್ಳಿ. ಜೀಪಿನ ಮೂಲ ಡಿಸ್ಕ್ ನಾಲ್ಕೂವರೆ ಇಂಚು ಅಗಲ. ನೋಡಲು ಗತ್ತಾಗಿರುತ್ತದೆ ಎಂದು ಅದಕ್ಕೆ ಅಗಲದ ಟಯರ್ ಹಾಕಿದರೆ ಟಯರಿನ ನಡುಭಾಗ ಉಬ್ಬಿ, ಅಲ್ಲಿ ಮಾತ್ರ ಬೇಗ ಸವೆಯುತ್ತದೆ. ಟಯರಿನ ನಡುಗೆರೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಗಾಳಿ ಸರಿ ಇದ್ದೂ ಹಾಗಾದರೆ ಡಿಸ್ಕ್ ಸಣ್ಣದಾಗಿದೆ ಎಂದರ್ಥ.

ಮೂರನೆಯದು ಡಿಸ್ಕ್ ಎಷ್ಟು ಒಳಗೆ ಕೂರುತ್ತದೆ ಎಂಬುದು. ಹೊರಮುಖ ಕೆಳಗೆ ಮಾಡಿ ಡಿಸ್ಕನ್ನು ನೆಲದ ಮೇಲಿಡಿ. ಮೇಲಿನ ತುಟಿಯ ಮೇಲೆ ನೇರ ಪಟ್ಟಿ ಅಡ್ಡ ಇಡಿ. ಪಟ್ಟಿಯಿಂದ ಹಬ್ಬಿಗೆ ತಾಗುವ ಮೈವರೆಗೆ ಅಳೆಯಿರಿ. ನಾಲ್ಕೂ ಡಿಸ್ಕಿನಲ್ಲಿ ಈ ಅಳತೆ ಒಂದೇ ಇರಬೇಕು. ನಮ್ಮ ಜೀಪಿನಲ್ಲಿ ಮೂರು ಒಂದೇ ಇದ್ದವು, ಮುಂದಿನ ಬಲಗಡೆಯದು ಐದು ಸೂತು, ಅಂದರೆ 5/8 ಇಂಚು, ಬೇರೆ ಇತ್ತು. ನಡುಕದ ಎರಡನೆಯ ಕಾರಣ ಅದು. ಆ ಚಕ್ರ ಹೊರಗೆ ಚಾಚಿಕೊಂಡು ಕಿಂಗ್ ಪಿನ್ ಮೇಲೆ ಸುಮ್ನೆ ಎಳೆತ ಹಾಕುತ್ತಿತ್ತು. ಹೊಸ ಬೇರಿಂಗ್ ಹಾಕಿದಾಗ ನಡುಕ ಸ್ವಲ್ಪ ಕಡಿಮೆಯಾಗಿದ್ದು ಯಾಕೆ ಎಂದು ಆಗ ಅರ್ಥವಾಯಿತು.

ಮಾರುತಿ ಜಿಪ್ಸಿಯ 15 ಇಂಚಿನ ಡಿಸ್ಕಿನ ಬೋಲ್ಟ್ ವೃತ್ತವೂ 139.7 ಮಿ.ಮೀ., ಐದು ತೂತು. ಅದಕ್ಕೇ ಅದು ಹಳೆ ಜೀಪಿಗೆ ಸುಲಭವಾಗಿ ಬಂದು ಸೇರಿಕೊಳ್ಳುತ್ತದೆ. ತೂತು ಸೇರಿತು ಎಂದರೆ ಡಿಸ್ಕ್ ಸೇರಿತು ಎಂದಲ್ಲ. ಒಳಗೆ ಕೂರುವ ಆಳ, ನಡುವಿನ ದೊಡ್ಡ ತೂತು, ನಟ್ಟಿನ ಕೋನ, ಮೂರೂ ಹೊಂದಬೇಕು.

ಇಷ್ಟಾದ ಮೇಲೆ ತುಕ್ಕು. ಕರಾವಳಿಯ ಡಿಸ್ಕಿಗೆ ಇದೇ ದೊಡ್ಡ ಪರೀಕ್ಷೆ. ಸಾಣಿಕಟ್ಟಾದ ಉಪ್ಪಿನ ಆಗರದಿಂದ ಉಪ್ಪು ಹೊತ್ತ ಲಾರಿ, ಕಾರವಾರ, ತದಡಿ ಬಂದರಿನಿಂದ ಮೀನು ಹೊತ್ತ ಟೆಂಪೊ, ಇವುಗಳ ಡಿಸ್ಕ್ ಮೇಲೆ ಹೊಸ ಬಣ್ಣ ಬಳಿದಿದ್ದರೂ ಒಳಗೆ ಪದರ ಪದರವಾಗಿ ಕಬ್ಬಿಣ ಬಿಟ್ಟುಕೊಂಡಿರುತ್ತದೆ. ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಕೇಳುತ್ತದೆ, ತಿಂದುಹೋದ ಜಾಗ ಮಂದವಾಗಿ ಕೇಳುತ್ತದೆ. ಸ್ಟಡ್ ತೂತಿನ ಸುತ್ತ ಬಿರುಕು ಇದೆಯೇ ನೋಡಲು ಹಳೆ ಉಪಾಯವೊಂದಿದೆ. ಜಾಗ ಚೆನ್ನಾಗಿ ಉಜ್ಜಿ ಸೀಮೆಎಣ್ಣೆ ಹಚ್ಚಿ. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ತೂತಿನ ಸುತ್ತ ಗೆರೆ ಕಂಡರೆ ಆ ಡಿಸ್ಕ್ ಗುಜರಿಗೆ. ವೆಲ್ಡಿಂಗ್ ಮಾಡಿಸಿ ಘಟ್ಟ ಇಳಿಯುವುದು ಬೇಡ.

ನಡುಕ

ಒಳಗಿನಿಂದ ಹೊರಗೆ ಎಂದೆನಲ್ಲ, ಇಲ್ಲಿಯೂ ಅದೇ ಕ್ರಮ. ಮುಂದಿನ ಆಕ್ಸಲ್ ಜಾಕಿ ಮೇಲೆ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್, ಕಿಂಗ್ ಪಿನ್, ಟೈ ರಾಡ್ ಮೊದಲು. ಜೀಪಿನಲ್ಲಿ ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮುಂಭಾಗ ಒಳಗೆ ತಿರುಗಿರುವ ಅಳತೆ, ಬಹಳ ಸಣ್ಣದು, 3/64ರಿಂದ 3/32 ಇಂಚು. ಆಟ ಇಲ್ಲ ಎಂದರೆ ಚಕ್ರ ತಿರುಗಿಸಿ ನೋಡಿ. ಡಿಸ್ಕಿನ ಅಂಚಿಗೆ ಹತ್ತಿರ ಒಂದು ಕಡ್ಡಿ ಅಲ್ಲಾಡದಂತೆ ನಿಲ್ಲಿಸಿ, ಚಕ್ರ ನಿಧಾನಕ್ಕೆ ತಿರುಗಿಸಿ. ಕಡ್ಡಿ ಮತ್ತು ಅಂಚಿನ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಡಿಸ್ಕ್ ಬೆಂಡಾಗಿದೆ. ನಾನು 2 ಮಿ.ಮೀ. ದಾಟಿದರೆ ಒಪ್ಪುವುದಿಲ್ಲ. ಕಡ್ಡಿಯನ್ನು ಟಯರಿನ ಮೈಗೆ ಹಿಡಿದಾಗ ಮಾತ್ರ ವ್ಯತ್ಯಾಸ ಕಂಡರೆ ದೋಷ ಟಯರಿನದು.

ಡಿಸ್ಕ್ ಬೆಂಡೋ, ಹಬ್ಬೇ ಬೆಂಡೋ ಎಂಬ ಅನುಮಾನ ಬಂದರೆ ಅದೇ ಡಿಸ್ಕನ್ನು ಇನ್ನೊಂದು ಹಬ್ಬಿಗೆ ಹಾಕಿ ತಿರುಗಿಸಿ. ದೋಷ ಡಿಸ್ಕಿನ ಜತೆ ಹೋದರೆ ಡಿಸ್ಕ್, ಹಳೆ ಜಾಗದಲ್ಲೇ ಉಳಿದರೆ ಹಬ್. ಹಬ್ಬಿನ ಮೈಮೇಲೆ ಗಟ್ಟಿಯಾದ ತುಕ್ಕು, ಬಣ್ಣದ ಪದರ ಇದ್ದರೂ ಡಿಸ್ಕ್ ಓರೆ ಕೂರುತ್ತದೆ. ವೈರ್ ಬ್ರಷ್ ಹಾಕಿ ಉಜ್ಜಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಬೆಳಿಗ್ಗೆ ಹೊರಟಾಗ ಮೊದಲ ಕೆಲವು ಕಿ.ಮೀ. ದಡದಡ ಎಂದು, ಆಮೇಲೆ ತಾನಾಗಿ ಸರಿಯಾದರೆ ಗಾಬರಿ ಬೇಡ. ನೈಲಾನ್ ಟಯರ್ ನಿಂತಲ್ಲೇ ನಿಂತು ಅಡಿ ಚಪ್ಪಟೆಯಾಗಿರುತ್ತದೆ, ಬಿಸಿಯಾದ ಮೇಲೆ ದುಂಡಗಾಗುತ್ತದೆ. ಮಳೆಗಾಲ ಪೂರ್ತಿ ನಿಂತ ಗಾಡಿಯಲ್ಲಿ ಇದು ಜಾಸ್ತಿ. ಬಿಸಿಯಾದರೂ ಹೋಗದಿದ್ದರೆ ಟಯರ್ ಕಾಯಂ ಕೆಟ್ಟಿದೆ.

ಇನ್ನೊಂದು ಕಾರಣ ನೈಲಾನ್, ರೇಡಿಯಲ್ ಬೆರಕೆ. ಒಂದೇ ಆಕ್ಸಲ್‌ಗೆ ಒಂದು ನೈಲಾನ್ ಒಂದು ರೇಡಿಯಲ್ ಯಾವತ್ತೂ ಬೇಡ. ಅನಿವಾರ್ಯವಾಗಿ ಎರಡೆರಡು ಹಾಕಬೇಕಾದರೆ ರೇಡಿಯಲ್ ಹಿಂದಕ್ಕೆ ಹೋಗಬೇಕು. ಮುಂದೆ ರೇಡಿಯಲ್, ಹಿಂದೆ ನೈಲಾನ್ ಇದ್ದರೆ ಮಳೆಯ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುತ್ತದೆ. ನಮ್ಮ ಘಟ್ಟದ ರಸ್ತೆಯಲ್ಲಿ ಜಾರಲು ಜಾಗವೇ ಇಲ್ಲ.

ನಟ್ಟು ಸಡಿಲವಾಗುವುದು, ಸ್ಟಡ್ ಮುರಿಯುವುದು

ಹಳೆ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಎಡಗಡೆಯ ಚಕ್ರಗಳ ಸ್ಟಡ್ ಉಲ್ಟಾ ಥ್ರೆಡ್ಡಿನವು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ. ಇದು ಗೊತ್ತಿಲ್ಲದ ಹುಡುಗರು ಬಿಚ್ಚುತ್ತೇವೆಂದು ಸ್ಪ್ಯಾನರಿಗೆ ಪೈಪ್ ಹಾಕಿ ಬಿಗಿಯುತ್ತಲೇ ಹೋಗುತ್ತಾರೆ, ಸ್ಟಡ್ ತುಂಡಾಗುತ್ತದೆ. ನಾನು ಎಡಗಡೆಯ ಡಿಸ್ಕುಗಳ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಬರೆಸಿದ್ದೇನೆ.

ಮುರಿದ ಸ್ಟಡ್ ಬದಲಿಸಿದಾಗ ಎರಡನೆಯ ತೊಂದರೆ ಶುರುವಾಗುತ್ತದೆ. ಮೂಲ ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಸುತ್ತು. ಅಂದರೆ ದಪ್ಪ 12.7 ಮಿ.ಮೀ., ಸುತ್ತಿನ ಅಂತರ 1.27. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 12 ಮಿ.ಮೀ. ಸ್ಟಡ್ಡಿನ ಅಂತರ 1.25. ಎರಡರ ಅಂತರ ಹತ್ತಿರ ಹತ್ತಿರ ಒಂದೇ ಆದ್ದರಿಂದ ಅರ್ಧ ಇಂಚಿನ ನಟ್ಟು 12 ಮಿ.ಮೀ. ಸ್ಟಡ್ ಮೇಲೆ ಸಲೀಸಾಗಿ ಓಡುತ್ತದೆ. ಕೈಗೆ ಸರಿ ಎನಿಸುತ್ತದೆ. ಆದರೆ ಅದು ಥ್ರೆಡ್ಡಿನ ತುದಿಯನ್ನು ಮಾತ್ರ ಹಿಡಿದಿರುತ್ತದೆ. ಬಿಗಿ ಮಾಡುವಾಗ ಕೊನೆಯಲ್ಲಿ ಗಟ್ಟಿಯಾಗದೆ ಮೆತ್ತಗೆ ತಿರುಗುತ್ತ ಹೋದರೆ, ಅಥವಾ ಪ್ರತಿ ವಾರ ಅದೇ ನಟ್ಟು ಸಡಿಲಾದರೆ, ವರ್ನಿಯರ್ ಹಿಡಿದು ಸ್ಟಡ್ ಅಳೆಯಿರಿ. ನನಗೆ ಒಂದೇ ಹಬ್ಬಿನಲ್ಲಿ ಅರ್ಧ ಇಂಚಿನ ಸ್ಟಡ್ ಮೂರು, 12 ಮಿ.ಮೀ. ಸ್ಟಡ್ ಎರಡು ಸಿಕ್ಕಿದವು. ಆ ಚಕ್ರ ದಾರಿಯಲ್ಲಿ ಕಳಚಲಿಲ್ಲವಲ್ಲ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ ಡಿಸ್ಕನ್ನು ಯಾವ ನಟ್ಟೂ ಹಿಡಿಯಲಾರದು. ಅದನ್ನು ತೆಗೆದಿಡಿ.

ಮೊಳೆ ಇಲ್ಲದೆ ಪಂಕ್ಚರ್

ಟ್ಯೂಬ್ ತೆಗೆದು ತೂತು ಎಲ್ಲಿದೆ ನೋಡಿ. ರಸ್ತೆಗೆ ತಾಗುವ ಕಡೆ ಇದ್ದರೆ ಮೊಳೆ, ಮುಳ್ಳು. ಡಿಸ್ಕಿನ ಕಡೆ ಇದ್ದರೆ ದೋಷ ಒಳಗಿದೆ.

ವಾಲ್ವಿನ ಬುಡದಲ್ಲೇ ಮತ್ತೆ ಮತ್ತೆ ಹರಿಯುತ್ತಿದ್ದರೆ ಡಿಸ್ಕಿನ ವಾಲ್ವ್ ತೂತು ಅಳೆಯಿರಿ. ಹಳೆ ಡಿಸ್ಕುಗಳಲ್ಲಿ ಅದು 16 ಮಿ.ಮೀ. ಇರುವುದುಂಟು, ಅದಕ್ಕೆ ಟಿಆರ್-15 ವಾಲ್ವಿನ ಟ್ಯೂಬ್ ಬೇಕು. ಸಾಮಾನ್ಯವಾಗಿ ಸಿಗುವ ಕಾರಿನ ಟ್ಯೂಬಿನಲ್ಲಿ ಟಿಆರ್-13, ಅದು ಹನ್ನೊಂದೂವರೆ ಮಿ.ಮೀ. ತೂತಿಗೆ. ದೊಡ್ಡ ತೂತಿನಲ್ಲಿ ಸಣ್ಣ ವಾಲ್ವ್ ಅಲ್ಲಾಡಿ ಅಲ್ಲಾಡಿ ಬುಡ ಕತ್ತರಿಸುತ್ತದೆ. ಸರಿಯಾದ ಟ್ಯೂಬ್ ಸಿಗುವವರೆಗೆ ತೂತಿಗೆ ರಬ್ಬರ್ ಬುಷ್ ಹಾಕಿಕೊಳ್ಳಬಹುದು.

ತೂತು ಡಿಸ್ಕಿನ ಕಡೆ ಚುಕ್ಕೆ ಚುಕ್ಕೆಯಾಗಿದ್ದರೆ ತುಕ್ಕಿನ ಚಕ್ಕೆ ಚುಚ್ಚಿದೆ. ಡಿಸ್ಕ್ ಉಜ್ಜಿ ಪ್ರೈಮರ್, ಬಣ್ಣ ಹಾಕಿ ಪೂರ್ತಿ ಒಣಗಿಸಿ. ಹಸಿ ಬಣ್ಣದ ಮೇಲೆ ಟಯರ್ ಏರಿಸಿದರೆ ಅದು ಡಿಸ್ಕಿಗೆ ಅಂಟಿ ಮುಂದೆ ಬಿಚ್ಚಲು ಬರುವುದಿಲ್ಲ. ಜುಲೈನಲ್ಲಿ ಈ ಕೆಲಸ ಬೇಡ.

ರೇಡಿಯಲ್ ಟಯರಿನೊಳಗೆ ನೈಲಾನ್ ಟಯರಿನ ಟ್ಯೂಬ್ ಹಾಕಿದರೂ ಪಕ್ಕದಲ್ಲಿ ಉಜ್ಜಿ ಸವೆಯುತ್ತದೆ. ರೇಡಿಯಲ್ ಪಕ್ಕ ಜಾಸ್ತಿ ಮಡಚುತ್ತದೆ, ಅದಕ್ಕೆ ಹೊಂದುವ ಟ್ಯೂಬೇ ಬೇರೆ. ಟಯರಿನ ಒಳಗೆ ಅಂಟಿಸಿದ ಕಾಗದದ ಚೀಟಿ ಇದ್ದರೆ ಕಿತ್ತು ಹಾಕಿ, ಅದು ಕೂಡ ಟ್ಯೂಬ್ ತಿನ್ನುತ್ತದೆ. ಟ್ಯೂಬೇ ಬೇಡ, ಟ್ಯೂಬ್‌ಲೆಸ್ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಿವೆಟ್ ಹೊಡೆದ ಹಳೆ ಡಿಸ್ಕ್ ರಿವೆಟ್ಟಿನ ಸಂದಿನಲ್ಲೇ ಗಾಳಿ ಬಿಡುತ್ತದೆ. ಗಾಳಿ ಇಳಿದಾಗ ಟಯರಿನ ಅಂಚು ಕಳಚದಂತೆ ಹಿಡಿಯುವ ಉಬ್ಬೂ ಅದರಲ್ಲಿ ಇರುವುದಿಲ್ಲ.

ಸ್ಪೀಡೋಮೀಟರ್ ತಪ್ಪು ತೋರಿಸುವುದು, ಟಯರ್ ಉಜ್ಜುವುದು

ಟಯರಿಗೆ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಗಾಡಿ ತಳ್ಳಿ ಚಕ್ರ ಒಂದು ಸುತ್ತು ಬರಲಿ. ನೆಲದ ಮೇಲಿನ ದೂರವನ್ನು 3.14ರಿಂದ ಭಾಗಿಸಿ. 6.00-16ಕ್ಕೆ 28ರಿಂದ 29 ಇಂಚು ವ್ಯಾಸ ಬರಬೇಕು. 205/75ಆರ್15 ಹಾಕಿದ್ದರೆ 27ರ ಹತ್ತಿರ ಬರುತ್ತದೆ. ಆಗ ಮೀಟರ್ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸುತ್ತದೆ, ಗಾಡಿಯೂ ಕುಳ್ಳಗಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಪಟ್ಟಿ ಸ್ಪ್ರಿಂಗಿಗೆ ತಾಗಿದರೆ ಡಿಸ್ಕ್ ಒಳಗೆ ಕೂರುವ ಆಳವನ್ನೇ ಮತ್ತೆ ನೋಡಿ.

ಲಾರಿ ಚಕ್ರ: ಇಲ್ಲಿ ಜೀವದ ಪ್ರಶ್ನೆ

ಅಂಕೋಲಾ, ಯಲ್ಲಾಪುರ ಕಡೆ ಈಗಲೂ ಶೆಡ್ಡುಗಳಲ್ಲಿ ಹಳೆ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳಿವೆ. ಟಾಟಾ ಮತ್ತು ಜರ್ಮನಿಯ ಆ ಕಂಪನಿಯ ಒಪ್ಪಂದ 1954ರದ್ದು, 1969ರವರೆಗೆ ನಡೆಯಿತು. ಇಂಥ ಲಾರಿಗಳ 20 ಇಂಚಿನ ಚಕ್ರದಲ್ಲಿ ಟಯರ್, ಟ್ಯೂಬ್, ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿಯಾದ ಫ್ಲಾಪ್, ಮೇಲೆ ಟಯರನ್ನು ಹಿಡಿದಿಡುವ ಕಬ್ಬಿಣದ ರಿಂಗ್ ಇರುತ್ತದೆ. ಆ ರಿಂಗ್ ಅದೇ ಡಿಸ್ಕಿನದ್ದೇ ಆಗಿರಬೇಕು. ಬೇರೆ ಬಗೆಯ ಡಿಸ್ಕಿನ ರಿಂಗ್ ನೋಡಲು ಕೂತಂತೆ ಕಾಣುತ್ತದೆ, ಗಾಳಿ ತುಂಬುವಾಗ ಹಾರುತ್ತದೆ. ಎದುರಿಗೆ ಇದ್ದವರು ಉಳಿಯುವುದಿಲ್ಲ.

ಹಾಗಾಗಿ ಬಿಚ್ಚುವ ಮೊದಲು ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಜೋಡಿ ಚಕ್ರವಾದರೆ ಎರಡರದ್ದೂ ಬಿಡಿ. ತುಕ್ಕು ಹಿಡಿದು ತೆಳ್ಳಗಾದ, ಬಾಗಿದ ರಿಂಗ್ ಮತ್ತೆ ಹಾಕಬೇಡಿ. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗೆ ಇರಲಿ, ನೀವು ಉದ್ದ ಪೈಪ್ ಹಿಡಿದು ಪಕ್ಕದಲ್ಲಿ ನಿಲ್ಲಿ. ರಿಂಗ್ ಸರಿಯಾಗಿ ಕೂರಲಿ ಎಂದು ಗಾಳಿ ಇರುವಾಗ ಸುತ್ತಿಗೆಯಿಂದ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬಿಡಿ. ಮಿಲಿಟರಿ ಜೀಪಿನಲ್ಲಿ ಎರಡು ಹೋಳನ್ನು ಬೋಲ್ಟಿನಿಂದ ಸೇರಿಸಿದ ಡಿಸ್ಕ್ ಬರುತ್ತದೆ, ಅದಕ್ಕೂ ಇದೇ ಮಾತು. ಗಾಳಿ ಇರುವಾಗ ಆ ಎಂಟು ನಟ್ಟುಗಳಿಗೆ ಸ್ಪ್ಯಾನರ್ ತಾಗಿಸಲೇಬೇಡಿ.

ಹಿಂದಿನ ಜೋಡಿ ಟಯರುಗಳ ಒಳಪಕ್ಕ ಉಜ್ಜಿ ಸವೆದಿದ್ದರೆ ಅಳತೆ ಬದಲಾಗಿದೆ. 8.25-20 ಟಯರಿಗೆ ಆರೂವರೆ ಇಂಚಿನ ಡಿಸ್ಕ್, 9.00-20ಕ್ಕೆ ಏಳು ಇಂಚಿನದು. ಹಳೆ ಡಿಸ್ಕ್ ಉಳಿಸಿಕೊಂಡು ದೊಡ್ಡ ಟಯರ್ ಹಾಕಿದರೆ ಲೋಡ್ ಬಿದ್ದಾಗ ಎರಡೂ ಒಂದಕ್ಕೊಂದು ತಾಗುತ್ತವೆ, ಬಿಸಿಯಾಗಿ ಸಿಡಿಯುತ್ತವೆ.

ಎಲ್ಲಿ ಹುಡುಕುವುದು

ಡಿಸ್ಕಿಗೆ ಮೊದಲು ಊರಿನ ಕೊಟ್ಟಿಗೆ, ಅಡಿಕೆ ಮಂಡಿ, ಹಳೆ ರೈಸ್ ಮಿಲ್ಲುಗಳನ್ನು ವಿಚಾರಿಸಿ. ಹಳೆ ಜೀಪಿನ ಆಕ್ಸಲ್ ಮತ್ತು ಡಿಸ್ಕ್ ಹಾಕಿ ಮಾಡಿದ ಟ್ರೇಲರ್ ಘಟ್ಟದ ಮೇಲೆ ಬೇಕಾದಷ್ಟಿವೆ. ನನಗೆ ಬೇಕಿದ್ದ ಒಂದು ಡಿಸ್ಕ್ ಸಿದ್ದಾಪುರ ಕಡೆಯ ಒಂದು ಟ್ರೇಲರಿನಲ್ಲಿ ಸಿಕ್ಕಿತು. ಅಲ್ಲಿ ಸಿಗದಿದ್ದರೆ ಹುಬ್ಬಳ್ಳಿಯ ಗುಜರಿ, ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಕುರ್ಲಾ. ಹೋಗುವಾಗ ಅಳತೆಯ ಚೀಟಿ ಸಾಲದು. ದಪ್ಪ ರಟ್ಟಿನಲ್ಲಿ ಹಬ್ಬಿನ ಅಚ್ಚು ಕತ್ತರಿಸಿಕೊಂಡು ಹೋಗಿ, ಸ್ಟಡ್ ತೂತು, ನಡುವಿನ ತೂತು ಎರಡೂ ಇರಲಿ. ಒಂದು ಮೂಲ ನಟ್ಟೂ ಜೇಬಿನಲ್ಲಿರಲಿ.

ಟಯರ್ ವಿಷಯದಲ್ಲಿ 6.00-16, 5.90-15 ಇನ್ನೂ ನಮ್ಮ ದೇಶದಲ್ಲೇ ಆಗುತ್ತವೆ, ಪೇಟೆಯ ಟಯರ್ ಅಂಗಡಿಯಲ್ಲಿ ಹೇಳಿ ತರಿಸಬಹುದು. 6.00-16 ತರಿಸುವಾಗ ಜೀಪಿನದು ಎಂದು ಬಾಯಿಬಿಟ್ಟು ಹೇಳಿ. ಸುಮ್ಮನೆ ಅಳತೆ ಹೇಳಿದರೆ ಅಂಗಡಿಯವರು ಟ್ರ್ಯಾಕ್ಟರಿನದನ್ನೇ ಕೊಡುವುದು ಸಹಜ, ಅವರ ಹತ್ತಿರ ದಿನಾ ಖರ್ಚಾಗುವುದು ಅದೇ. ರಸ್ತೆಗೆ ತಾಗುವ ಮೈಮೇಲೆ ಉದ್ದುದ್ದ ಮೂರು ದಪ್ಪ ಏಣು ಕಂಡರೆ ವಾಪಸ್ ಮಾಡಿ. 19 ಇಂಚಿನ ಟಯರ್ ಹುಡುಕುವವರಿಗೂ ಇಂಥದ್ದೇ ಎಚ್ಚರಿಕೆ. ಎಡಿವಿ ಎಂದು ಅಚ್ಚಾಗಿದ್ದರೆ ಅದು ಎತ್ತಿನ ಗಾಡಿಯ ಟಯರ್. ಹೆರಾಲ್ಡ್‌ಗೆ 5.20-13 ಸಿಗದಿದ್ದರೆ 145ಆರ್13 ಹೊಂದುತ್ತದೆ, ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು.

ತಾರೀಖು ನೋಡದೆ ಹಣ ಕೊಡಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಮೊದಲಿನದು. ಗೋಡೌನಿನಲ್ಲಿ ಬಳಸದೆ ಉಳಿದ ಡನ್ಲಪ್, ಫೈರ್‌ಸ್ಟೋನ್ ಟಯರ್ ಸಿಕ್ಕರೆ ಮನಸ್ಸು ಆಸೆ ಪಡುತ್ತದೆ. ಪಶ್ಚಿಮ ಬಂಗಾಳದ ಸಾಹಗಂಜಿನಲ್ಲಿ ಡನ್ಲಪ್ ಕಾರ್ಖಾನೆ ಶುರುವಾಗಿದ್ದು 1936ರಲ್ಲಿ, ಆ ಕಾಲದ ಗಾಡಿಗೆ ಆ ಹೆಸರಿನ ಟಯರ್ ಎಷ್ಟು ಚೆಂದ ಎಂದು ನನಗೂ ಗೊತ್ತು. ಅದನ್ನು ನಿಲ್ಲಿಸಿ ತೋರಿಸುವ ಗಾಡಿಗೆ ಹಾಕಿ, ಇಲ್ಲವೇ ಡಿಕ್ಕಿಯಲ್ಲಿಡಿ. ರಸ್ತೆಯಲ್ಲಿ ಓಡುವ ನಾಲ್ಕು ಹೊಸವೇ ಇರಲಿ.

ಮೂಲ ಡಿಸ್ಕ್ ಹಾಕುವುದಕ್ಕೆ ಕಾಗದದ ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ಸ್ವಂತ ಬಳಕೆಯ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ಮೂಲ ರೂಪ ಎಂದು ತೋರಿಸುವಾಗ ಮಿರುಗುವ ಅಲಾಯ್ ಚಕ್ರ ಗಾಡಿಯ ಕೆಳಗಿದ್ದರೆ ಮಾತು ಕಷ್ಟವಾಗುತ್ತದೆ.

ಹಾಕಿದ ಮೇಲೆ

ನಟ್ಟು ಸುತ್ತಲೂ ಸಾಲಾಗಿ ಅಲ್ಲ, ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ಕೊನೆಯ ಬಿಗಿ ಗಾಡಿ ನೆಲಕ್ಕೆ ಇಳಿದ ಮೇಲೆ. ಐವತ್ತು ಕಿ.ಮೀ. ಓಡಿಸಿ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಹೊಸ ಬಣ್ಣದ ಡಿಸ್ಕ್ ಸ್ವಲ್ಪ ಕೂತು ನಟ್ಟು ಸಡಿಲಿಸಿಕೊಂಡಿರುತ್ತದೆ. ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಪಂಪಿನಲ್ಲಿ ಈಗಿನ ಕಾರಿಗೆ ಹಾಕುವಷ್ಟನ್ನೇ ಅಭ್ಯಾಸಬಲದಿಂದ ಹಾಕಿಬಿಡುತ್ತಾರೆ.

ಜೀಪಿಗೆ ಟ್ರ್ಯಾಕ್ಟರ್ ಟಯರ್ ತೆಗೆದು, ಹೊರಗೆ ಚಾಚಿದ ಡಿಸ್ಕ್ ಬದಲಿಸಿ, ಸ್ಟಡ್ ಎಲ್ಲ ಅರ್ಧ ಇಂಚಿನವನ್ನೇ ಹಾಕಿದ ಮೇಲೆ ಮತ್ತೆ ಕುಮಟಾಕ್ಕೆ ಹೋದೆ. 40 ದಾಟಿತು, 50 ದಾಟಿತು. ಸ್ಟೀರಿಂಗ್ ಸುಮ್ಮನಿತ್ತು. ಸಾಬ್ರು ಅಂಗಡಿಯಿಂದ ಎದ್ದು ಬಂದು ನಾಲ್ಕೂ ಚಕ್ರ ನೋಡಿದರು. ಆಮೇಲೆ ಹಿಂದೆ ಹೋಗಿ, "ಸ್ಟೆಪ್ನಿಗೆ ಗಾಳಿ ಇಲ್ಲ ಹೆಗಡೇರೆ, ತನ್ನಿ ಇಲ್ಲಿ" ಎಂದು ಪೈಪ್ ಎಳೆದರು.